ಹಳೇ ಪಿಕಪ್ ಕೆಳಗೆ ಹನಿ ಬೀಳ್ತಿದ್ಯಾ? ಬಿದ್ದ ಜಾಗ ಬಿಡಿ, ಶುರುವಾದ ಜಾಗ ಹುಡುಕಿ

ಹದಿನೈದು ಇಪ್ಪತ್ತು ವರ್ಷ ದುಡಿದಿರೋ ಪಿಕಪ್ ಇಟ್ಕೊಂಡಿರೋರಿಗೆ ಒಂದು ಚಟ ಇರುತ್ತೆ, ಬೆಳಿಗ್ಗೆ ಗಾಡಿ ತೆಗೆದ ತಕ್ಷಣ ಅದು ನಿಂತಿದ್ದ ಜಾಗದ ಮೇಲೆ ಕಣ್ಣಾಡಿಸೋದು. ನಿನ್ನೆ ಇಲ್ಲದ ಕಲೆ ಇವತ್ತು ಕಂಡ್ರೆ ಆ ದಿನ ಪೂರ್ತಿ ಅದೇ ಯೋಚನೆ. ನಾನೂ ಹಂಗೇ ಒಂದಿನ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯ ಇರೋ ಬೆಲ್ ಹೌಸಿಂಗ್ ಕೆಳಗಿನ ಸಣ್ಣ ತೂತಿಂದ ಆಯಿಲ್ ತೊಟ್ಟಿಕ್ಕೋದು ನೋಡಿ ಗ್ಯಾರೇಜಿಗೆ ಹೋದೆ, ಅವ್ರು ಬಗ್ಗಿ ನೋಡಿ ಎಂಜಿನ್ನಿನ ಮುಖ್ಯ ತಿರುಗೋ ಶಾಫ್ಟ್ ಆಗಿರೋ ಕ್ರ್ಯಾಂಕಿನ ಹಿಂದಿನ ಸೀಲ್ (ಆಯಿಲ್ ತಡೆಯೋ ರಬ್ಬರ್ ಬಳೆ) ಹೋಗಿದೆ ಅಂದ್ರು, ಗೇರ್‌ಬಾಕ್ಸ್ ಇಳೀತು, ಸೀಲ್ ಬದಲಾಯ್ತು, ಇಳಿಸಿದ ಮೇಲೆ ಇನ್ನೇನು ಅಂತ ಕ್ಲಚ್ಚೂ ಹೊಸದಾಯ್ತು. ಎರಡೇ ವಾರ. ಅದೇ ತೂತು, ಅದೇ ಹನಿ.

ಕೊನೆಗೆ ಗೊತ್ತಾಗಿದ್ದೇನಂದ್ರೆ ಟ್ಯಾಪೆಟ್ ಕವರ್, ಅಂದ್ರೆ ಎಂಜಿನ್ ತಲೆ ಮೇಲಿನ ಮುಚ್ಚಳ, ಅದರ ಅಂಚಿನ ರಬ್ಬರ್ ಪ್ಯಾಕಿಂಗ್ ಹಿಂದಿನ ಮೂಲೇಲಿ ಕಲ್ಲಿನಂಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಆಯಿಲ್ ಅಲ್ಲಿಂದ ಎಂಜಿನ್ ಬೆನ್ನ ಮೇಲೆ ಕಾಣದ ಹಂಗೆ ಇಳಿದು ಬೆಲ್ ಹೌಸಿಂಗ್ ಸವರ್ಕೊಂಡು ಕೆಳಗೆ ಬರ್ತಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಕಥೆ. ಎರಡು ಗಂಟೆ ಕೆಲಸಕ್ಕೆ ಎರಡು ದಿನ ಗಾಡಿ ಬಿಚ್ಚಿಸಿದ್ದೆ. ಅವತ್ತಿಂದ ಲೀಕ್ ಅಂದ್ರೆ ನಾನು ಕೆಳಗಿಂದ ಶುರು ಮಾಡಲ್ಲ, ಮೇಲಿಂದ ಶುರು ಮಾಡ್ತೀನಿ.

ಮೊದ್ಲು ಅದು ಏನು ಅಂತ ಗೊತ್ತಾಗ್ಲಿ

ರಾತ್ರಿ ಗಾಡಿ ನಿಲ್ಲಿಸೋವಾಗ ಅಡಿಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರ ಎರಡೂ ಎಲ್ಲಿ ಬರುತ್ತೆ ಅಂತ ಅದರ ಮೇಲೆ ಪೆನ್ನಲ್ಲಿ ಗುರುತು ಹಾಕಿ. ಬೆಳಿಗ್ಗೆ ಕಲೆ ಎಂಜಿನ್ ಮುಂಭಾಗಕ್ಕಾ, ಬೆಲ್ ಹೌಸಿಂಗಿಗಾ, ಗೇರ್‌ಬಾಕ್ಸ್ ಬಾಲಕ್ಕಾ ಅನ್ನೋದು ಅಂದಾಜು ಸಿಗುತ್ತೆ. ಹನಿಗೆ ಬಿಳಿ ಟಿಶ್ಯೂ ಒತ್ತಿ ಬೆಳಕಲ್ಲಿ ನೋಡಿ, ಬೆರಳಿಗೆ ಹಚ್ಕೊಂಡು ಉಜ್ಜಿ, ಮೂಸಿ ನೋಡಿ. ನಾಲಿಗೆಗೆ ಮಾತ್ರ ಬೇಡ, ಹಳೇ ಕಾಲದ ಕೆಲವರು ಹಂಗೂ ಮಾಡ್ತಿದ್ರು, ಎಂಜಿನ್ ತಂಪು ಮಾಡೋ ಕೂಲೆಂಟ್‌ನಲ್ಲಿರೋ ಎಥಿಲೀನ್ ಗ್ಲೈಕಾಲ್ ವಿಷ.

ಕಂದು ಇಲ್ಲಾ ಕಪ್ಪು ಬಣ್ಣ, ಜಾರೋ ಗುಣ, ಸ್ವಲ್ಪ ಸುಟ್ಟ ವಾಸನೆ ಇದ್ರೆ ಎಂಜಿನ್ ಆಯಿಲ್. ಇನ್ನೂ ದಪ್ಪ ಇದ್ದು, ಮೂಗಿಗೆ ಗಂಧಕದ ಘಾಟು ಹೊಡೆದ್ರೆ ಗೇರ್ ಆಯಿಲ್, ಇದನ್ನ ಒಮ್ಮೆ ಮೂಸಿದ್ರೆ ಜನ್ಮದಲ್ಲಿ ಮರೆಯಲ್ಲ. ಕೆಂಪಗಿದ್ರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್, ಯಾಕಂದ್ರೆ ಬಹಳಷ್ಟು ಗಾಡಿಗಳಲ್ಲಿ ಸ್ಟೀರಿಂಗಿಗೂ ಆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲನ್ನೇ (ಎಟಿಎಫ್) ಹಾಕಿರ್ತಾರೆ, ಹಳೇದಾದಂಗೆ ಆ ಕೆಂಪು ಕಂದು ಆಗುತ್ತೆ. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ನೀರಿನಂಥದ್ದು ಸಿಹಿ ವಾಸನೆ ಬಂದ್ರೆ ಕೂಲೆಂಟ್. ತೆಳ್ಳಗೆ, ತಿಳಿ ಹಳದಿ, ಪೇಂಟ್ ಮೇಲೆ ಬಿದ್ರೆ ಪೇಂಟ್ ಉಬ್ಬಿ ಏಳೋದು ಬ್ರೇಕ್ ಆಯಿಲ್. ಬಣ್ಣ ವಾಸನೆ ಎರಡೂ ಇಲ್ಲ, ಎಸಿ ಹಾಕಿದ ದಿನ ಮಾತ್ರ ಕ್ಯಾಬಿನ್ ಮುಂದಿನ ಗೋಡೆ ಕೆಳಗೆ ಬೀಳುತ್ತೆ ಅಂದ್ರೆ ಅದು ಬರೀ ನೀರು, ನೆಮ್ಮದಿಯಾಗಿ ಮಲಗಿ.

ಬಣ್ಣ ಒಂದನ್ನೇ ನಂಬ್ಕೊಂಡು ತೀರ್ಪು ಕೊಡಬೇಡಿ. ಹಿಂದಿನ ಮಾಲೀಕ ಯಾವ ಬಣ್ಣದ ಕೂಲೆಂಟ್ ಹಾಕಿದ್ನೋ ಯಾರಿಗೆ ಗೊತ್ತು. ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ), ಕೂಲೆಂಟಿನ ರಿಸರ್ವ್ ಟ್ಯಾಂಕ್, ಬ್ರೇಕ್ ಆಯಿಲ್ ಡಬ್ಬಿ ಎಲ್ಲದರ ಲೆವೆಲ್ ಬರೆದಿಟ್ಕೊಳ್ಳಿ, ಒಂದು ವಾರ ಬಿಟ್ಟು ಮತ್ತೆ ನೋಡಿ, ಯಾವುದು ಇಳಿದಿದ್ಯೋ ಅದೇ ಕಳ್ಳ.

ಗಾಡಿ ಕೆಳಗೆ ನುಗ್ಗೋ ಮುಂಚೆ

ಜಾಕ್ ಇರೋದು ಎತ್ತೋಕೆ, ಹಿಡಿದಿಟ್ಕೊಳ್ಳೋಕಲ್ಲ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ನೆಲದ ಮೇಲಿರೋ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಟ್ಟೆ, ಚಾಸಿ (ಗಾಡಿಯ ಅಡಿ ಚೌಕಟ್ಟು) ಕೆಳಗೆ ಸ್ಟ್ಯಾಂಡ್, ಇಷ್ಟಾದ ಮೇಲೆ ಗಾಡೀನ ಒಂದ್ಸಲ ಜೋರಾಗಿ ಅಲ್ಲಾಡಿಸಿ ನೋಡಿ, ಅಲುಗದೆ ಇದ್ರೆ ಮಾತ್ರ ಒಳಗೆ ಹೋಗಿ. ಇಟ್ಟಿಗೆ, ಟೊಳ್ಳು ಬ್ಲಾಕ್ ಇಟ್ಟು ಮಲಗಬೇಡಿ, ಅದು ಒಡೆಯೋವಾಗ ಮುನ್ಸೂಚನೆ ಕೊಡಲ್ಲ. ಪಿಕಪ್ ಎತ್ತರ ಇರೋದ್ರಿಂದ ಎಷ್ಟೋ ಸಲ ಜಾಕ್ ಹೊಡೆಯದೇನೇ ಬಗ್ಗಿ ನೋಡಬಹುದು, ಹಂಗಾದ್ರೆ ಹಂಗೇ ಮಾಡಿ.

ತೊಳೀರಿ, ಓಡ್ಸಿ, ನೋಡಿ

ಇಲ್ಲೇ ಜನ ಅವಸರ ಮಾಡೋದು. ವರ್ಷಗಟ್ಟಲೆ ಧೂಳು ಆಯಿಲ್ ಸೇರಿ ಕಪ್ಪು ಜಿಡ್ಡು ಮೆತ್ತಿರೋ ಎಂಜಿನ್ನಲ್ಲಿ ಲೀಕ್ ಹುಡುಕೋದು ಅಂದ್ರೆ ಕೆಸರಲ್ಲಿ ಬಿದ್ದ ಸೂಜಿ ಹುಡುಕಿದಂಗೆ. ಎಂಜಿನ್ ತಣ್ಣಗಿರೋವಾಗ ಡಿಗ್ರೀಸರ್ ಹೊಡೆದು ಹತ್ತು ನಿಮಿಷ ಬಿಟ್ಟು ಬ್ರಷ್ಷಲ್ಲಿ ಉಜ್ಜಿ, ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿಗೆಲ್ಲಾ ಪ್ಲಾಸ್ಟಿಕ್ ಕವರ್ ಕಟ್ಟಿ ಮೆತ್ತಗೆ ನೀರು ಬಿಟ್ಟು ತೊಳೀರಿ, ಪ್ರೆಷರ್ ವಾಷರ್ ಹತ್ತಿರ ಹಿಡಿದು ಹೊಡೆದ್ರೆ ವೈರಿಂಗ್ ಕನೆಕ್ಟರ್ ಒಳಗೆ ನೀರು ಹೋಗಿ ಹೊಸ ತಲೆನೋವು ಶುರು. ಒಣಗಿದ ಮೇಲೆ ಇಪ್ಪತ್ತು ನಿಮಿಷ ಓಡ್ಸಿ ಬನ್ನಿ, ಟಾರ್ಚ್ ಹಿಡೀರಿ.

ಈಗ ಹುಡುಕಬೇಕಾಗಿರೋದು ಅತಿ ಹೆಚ್ಚು ಒದ್ದೆ ಇರೋ ಜಾಗ ಅಲ್ಲ. ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರೋದು ಮತ್ತು ಎಲ್ಲಕ್ಕಿಂತ ಮುಂದಿರೋದು. ದ್ರವ ಕೆಳಗಿಳಿಯುತ್ತೆ, ಓಡೋವಾಗ ಗಾಳಿ ಅದನ್ನ ಹಿಂದಕ್ಕೆ ತಳ್ಳುತ್ತೆ, ಹಂಗಾಗಿ ಎಂಜಿನ್ ಮುಂದೆ ಶುರುವಾದ ಲೀಕು ಗೇರ್‌ಬಾಕ್ಸ್ ಪೂರ್ತಿ ಒದ್ದೆ ಮಾಡಿರುತ್ತೆ, ಕೆಲವು ಸಲ ಹಿಂದಿನ ಆಕ್ಸಲ್ ಹೌಸಿಂಗ್ ತನಕ ಸಿಡಿದಿರುತ್ತೆ. ಕೈ ಹೋಗದ ಕಡೆ ಸಣ್ಣ ಕನ್ನಡಿ, ಇಲ್ಲಾಂದ್ರೆ ಮೊಬೈಲ್ ಒಳಗೆ ತೂರಿಸಿ ವಿಡಿಯೊ ಮಾಡಿ, ನನ್ನ ಟ್ಯಾಪೆಟ್ ಕವರ್ ಮೂಲೆ ಕಂಡಿದ್ದು ಹಂಗೇ. ಎಂಜಿನ್ ನಿಂತಿರೋವಾಗ ಮಾಡಿ, ಫ್ಯಾನ್ ಬೆಲ್ಟ್ ಯಾರ ಮೊಬೈಲ್ ಅಂತ ಕೇಳಲ್ಲ.

ಬಹಳ ನಿಧಾನದ ಲೀಕ್ ಆದ್ರೆ ತೊಳೆದು ಒಣಗಿಸಿದ ಜಾಗಕ್ಕೆ ಟಾಲ್ಕಮ್ ಪೌಡರ್ ಉದುರಿಸಿ ಓಡ್ಸಿ, ಬಿಳಿ ಮೇಲೆ ಕಪ್ಪು ಗೆರೆ ಎಳೆದಂಗೆ ದಾರಿ ಕಾಣುತ್ತೆ. ಅದಕ್ಕೂ ಸಿಗದಿದ್ರೆ ಯುವಿ ಡೈ. ಆಯಿಲಿಗೆ ಬೇರೆ ಡೈ, ಕೂಲೆಂಟಿಗೆ ಬೇರೆ ಡೈ, ಸರಿಯಾದದ್ದು ಹಾಕಿ ಒಂದೆರಡು ದಿನ ಓಡ್ಸಿ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ರೆ ಲೀಕ್ ಶುರುವಾಗೋ ಜಾಗ ಮಿಂಚುಹುಳದಂಗೆ ಹೊಳೆಯುತ್ತೆ.

ಎಂಜಿನ್ ಆಯಿಲ್

ಸುಲಭದಿಂದ ಕಷ್ಟಕ್ಕೆ ಹೋಗಿ. ಮೊದ್ಲು ಡ್ರೇನ್ ನಟ್ ವಾಷರ್, ಅದು ತಾಮ್ರದ್ದೋ ಅಲ್ಯೂಮಿನಿಯಂದೋ ಇರುತ್ತೆ, ಪ್ರತಿ ಆಯಿಲ್ ಚೇಂಜಿಗೂ ಹೊಸದು ಹಾಕಬೇಕು, ಯಾರೂ ಹಾಕಲ್ಲ. ಆಮೇಲೆ ಆಯಿಲ್ ಫಿಲ್ಟರ್, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿ ಉಳಿದು ಅದರ ಮೇಲೆ ಹೊಸ ಫಿಲ್ಟರ್ ಕೂತ್ರೆ ಎರಡು ರಿಂಗ್ ಆಗಿ ಆಯಿಲ್ ಪಿಚಕಾರಿ ಹಾರುತ್ತೆ. ಆಯಿಲ್ ಪ್ರೆಷರ್ ಸ್ವಿಚ್ ನೋಡಿ, ಅದರ ವೈರ್ ಕನೆಕ್ಟರ್ ಒಳಗೆ ಆಯಿಲ್ ಇದ್ರೆ ಸ್ವಿಚ್ ಒಳಗಿಂದಲೇ ಹೋಗಿದೆ ಅಂತ ಅರ್ಥ. ಇದಾದ ಮೇಲೆ ಟ್ಯಾಪೆಟ್ ಕವರ್, ಆಯಿಲ್ ಕೂಲರ್ ಪ್ಯಾಕಿಂಗ್, ಮುಂದಿನ ಕ್ರ್ಯಾಂಕ್ ಸೀಲ್, ಕೆಳಗಿನ ಆಯಿಲ್ ಚೇಂಬರ್. ಹಿಂದಿನ ಕ್ರ್ಯಾಂಕ್ ಸೀಲ್ ಕೊನೆಗೆ, ಮಿಕ್ಕಿದ್ದೆಲ್ಲಾ ಒಣಗಿದೆ ಅಂತ ಕಣ್ಣಾರೆ ಕಂಡ ಮೇಲೆ.

ಆದ್ರೆ ಒಂದೇ ಒಂದು ಸೀಲ್ ಬದಲಾಯಿಸೋ ಮುಂಚೆನೂ ಬ್ರೀದರ್ ನೋಡಿ. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗೆ ಇಳಿಯೋದು ಎಲ್ಲಾ ಎಂಜಿನ್ನಲ್ಲೂ ಇದ್ದದ್ದೇ, ಅದು ಹೊರಗೆ ಹೋಗೋಕೆ ಪಿಸಿವಿ ವಾಲ್ವ್ ಅಥವಾ ಬ್ರೀದರ್ ಪೈಪ್ ಇರುತ್ತೆ, ಅದು ಮಸಿ ಕಟ್ಟಿ ಮುಚ್ಚಿಹೋದ್ರೆ ಗ್ಯಾಸಿಗೆ ದಾರಿ ಬೇಕಲ್ಲ, ಎಲ್ಲಿ ಮೆತ್ತಗಿದ್ಯೋ ಅಲ್ಲಿಂದ ಆಯಿಲ್ ತಳ್ಕೊಂಡು ಹೊರಗೆ ಬರುತ್ತೆ. ಒಂದು ಸೀಲ್ ಹಾಕಿದ್ರೆ ಇನ್ನೊಂದು ಕಡೆ ಒಸರುತ್ತೆ, ಅದನ್ನ ಹಾಕಿದ್ರೆ ಮತ್ತೊಂದು. ಪೈಪ್ ತೆಗೆದು ಊದಿ ನೋಡಿ, ತೊಳೀರಿ, ವಾಲ್ವ್ ಬದಲಾಯಿಸಿ. ಇನ್ನೊಂದು ಪರೀಕ್ಷೆ, ಎಂಜಿನ್ ಐಡಲ್‌ನಲ್ಲಿರೋವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ಅದನ್ನ ತಲೆಕೆಳಗೆ ಆ ತೂತಿನ ಮೇಲೆ ಸುಮ್ನೆ ಇಡಿ. ಸ್ವಲ್ಪ ನಡುಗಿದ್ರೆ ಪರವಾಗಿಲ್ಲ, ಕುಣಿದು ಹಾರಿ ಬಿದ್ದು ಹೊಗೆ ಬುಸ್ ಅಂತ ಬಂದ್ರೆ ಮೆಕ್ಯಾನಿಕ್‌ಗಳು ಹೇಳೋ ಬ್ಯಾಕ್ ಕಂಪ್ರೆಷನ್, ಪಿಸ್ಟನ್ ರಿಂಗು, ಸಿಲಿಂಡರ್ ಬೋರು ಸವೆದಿರೋ ಸಾಧ್ಯತೆ ಹೆಚ್ಚು, ಆ ಎಂಜಿನ್ನಿಗೆ ಸೀಲ್ ಮೇಲೆ ಸೀಲ್ ಹಾಕಿ ಉಪಯೋಗ ಇಲ್ಲ. ಕೆಲವು ಡೀಸೆಲ್‌ಗಳಲ್ಲಿ ತೆಗೆದ ತಕ್ಷಣ ಆಯಿಲ್ ಸಿಡಿಯುತ್ತೆ, ಮುಖ ದೂರ ಇಡಿ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಮನೇಲೇ ಹಾಕಬಹುದಾದ ಕೆಲಸ. ಅಡ್ಡ ಬರೋ ಪೈಪು ವೈರು ಬಿಚ್ಚೋ ಮುಂಚೆ ಫೋಟೊ ತೆಗೀರಿ. ಕವರ್ ಅಂಟ್ಕೊಂಡಿದ್ರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಅಲ್ಯೂಮಿನಿಯಂ ಮೇಲೆ ಗೀರು ಬಿದ್ರೆ ಆ ಗೀರೇ ಮುಂದಿನ ಲೀಕು, ರಬ್ಬರ್ ಸುತ್ತಿಗೇಲಿ ಪಕ್ಕದಿಂದ ತಟ್ಟಿ ಬಿಡಿಸಿ. ಹೆಡ್ ಮೇಲಿನ ಅಂಚನ್ನ ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆದು ಬ್ರೇಕ್ ಕ್ಲೀನರ್ ಹಾಕಿದ ಬಟ್ಟೇಲಿ ಒರೆಸಿ, ಕಸ ಒಳಗೆ ಬೀಳದಂಗೆ ನೋಡ್ಕೊಳ್ಳಿ. ರಬ್ಬರ್ ಪ್ಯಾಕಿಂಗಿಗೆ ಸುತ್ತಾ ಸಿಲಿಕಾನ್ ಪೇಸ್ಟ್ ಮೆತ್ತೋದು ತಪ್ಪು, ಕಂಪನಿ ಹೇಳಿರೋ ಕಡೆ ಮಾತ್ರ, ಸಾಮಾನ್ಯವಾಗಿ ಕ್ಯಾಮ್‌ಶಾಫ್ಟ್ ಅರ್ಧಚಂದ್ರದ ಮೂಲೆಗಳು ಮತ್ತೆ ಟೈಮಿಂಗ್ ಕವರ್ ಹೆಡ್ಡಿಗೆ ಕೂಡೋ ಜಾಗ, ಅಲ್ಲಿ ಒಂದು ಚಿಟಿಕೆಯಷ್ಟು ಸಾಕು. ಹೆಚ್ಚಾದದ್ದು ಒಳಗೆ ಕಿತ್ತು ಬಿದ್ದು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಹಾಕ್ಕೊಂಡ್ರೆ ಎಂಜಿನ್ನೇ ಹೋಗುತ್ತೆ. ಬೋಲ್ಟ್ ಮಧ್ಯದಿಂದ ಹೊರಕ್ಕೆ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಗೀರಿ, ಹೆಚ್ಚಿನ ಎಂಜಿನ್‌ಗಳಲ್ಲಿ ಬರೀ 8ರಿಂದ 12 ನ್ಯೂಟನ್ ಮೀಟರ್, ನಿಮ್ಮ ಮ್ಯಾನ್ಯುಯಲ್‌ನಲ್ಲಿ ಏನಿದ್ಯೋ ಅದು. ಲೀಕ್ ನಿಲ್ಲಲಿ ಅಂತ ಎರಡು ಕೈಲಿ ಎಳೆದ್ರೆ ಕವರ್ ಸೊಟ್ಟಗಾಗುತ್ತೆ, ಇಲ್ಲಾ ಥ್ರೆಡ್ ಫ್ರೀ ಆಗುತ್ತೆ.

ಮುಂದಿನ ಕ್ರ್ಯಾಂಕ್ ಸೀಲ್ ಬಗ್ಗೆ ಒಂದೇ ಮಾತು. ಹಳೇ ಸೀಲ್ ಉಜ್ಜಿ ಉಜ್ಜಿ ಪುಲ್ಲಿ ಕೊಳವೆ ಮೇಲೆ ಉಗುರಿಗೆ ತಗಲೋ ಗೆರೆ ಬಿದ್ದಿದ್ರೆ ಹೊಸ ಸೀಲ್ ಹಾಕಿದ್ರೂ ಅದೇ ಗೆರೇಲಿ ಕೂತು ಸೋರುತ್ತೆ. ಮೇಲೆ ತೊಡಿಸೋ ತೆಳು ಸ್ಟೀಲ್ ಸ್ಲೀವ್ ಸಿಗುತ್ತೆ, ಅದು ಹಾಕಿ. ಹೊಸ ಸೀಲಿನ ತುಟಿಗೆ ಆಯಿಲ್ ಸವರದೆ ಒಣಗಿದ್ದನ್ನ ಹೊಡೆದು ಕೂರಿಸಬೇಡಿ.

ಕೂಲೆಂಟ್

ಬಿಸಿ ಎಂಜಿನ್ನಲ್ಲಿ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಒಳಗೆ ಪ್ರೆಷರ್ ಇರೋದ್ರಿಂದಲೇ ಅದು 100 ಡಿಗ್ರಿ ದಾಟಿದ್ರೂ ಕುದಿಯದೆ ಇರೋದು, ಮುಚ್ಚಳ ತಿರುಗಿಸಿದ ಕ್ಷಣ ಕುದ್ದು ಮುಖಕ್ಕೆ ಹಾರುತ್ತೆ.

ಕೂಲೆಂಟ್ ಲೀಕಿಗೆ ಒಂದು ಅನುಕೂಲ ಇದೆ, ನೀರು ಆರಿಹೋದ್ರೂ ಬಣ್ಣದ ಪುಡಿ, ಬಿಳಿ ಉಪ್ಪಿನಂಥ ಕರೆ ಬಿಟ್ಟು ಹೋಗುತ್ತೆ. ಹೋಸ್ ಪೈಪ್ ತುದಿಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರಿಗೆ ಕೂಡಿರೋ ಗೆರೆ, ವಾಟರ್ ಪಂಪ್ ಕೆಳಗಿರೋ ಸಣ್ಣ ತೂತು, ಎಂಜಿನ್ ಬ್ಲಾಕ್ ಪಕ್ಕದ ದುಂಡನೆ ತಗಡಿನ ಪ್ಲಗ್‌ಗಳು, ಈ ನಾಲ್ಕು ಕಡೆ ಕರೆ ಹುಡುಕಿ. ವಾಟರ್ ಪಂಪಿನ ಆ ತೂತಿಂದ ಧಾರೆ ಬರ್ತಿದ್ರೆ ಒಳಗಿನ ಸೀಲ್ ಹೋಗಿದೆ ಅಂತ ಹೇಳೋಕೇ ಅದನ್ನ ಇಟ್ಟಿರೋದು, ಎಂಸೀಲ್ ತುಂಬಿ ಮುಚ್ಚೋ ಮಹಾನುಭಾವರೂ ಇದಾರೆ, ಆಗ ನೀರು ಬೇರಿಂಗಿಗೆ ಹೋಗಿ ಪಂಪ್ ಜಾಮ್ ಆಗುತ್ತೆ. ಕ್ಯಾಬಿನ್ ಒಳಗೆ ಕಾರ್ಪೆಟ್ ಒದ್ದೆ, ಗಾಜಿನ ಒಳಗೆ ಜಿಡ್ಡು ಮಂಜು, ಸಿಹಿ ವಾಸನೆ ಇದ್ರೆ ಹೀಟರ್ ಕೋರ್ (ಕ್ಯಾಬಿನ್ ಬಿಸಿ ಮಾಡೋ ಸಣ್ಣ ರೇಡಿಯೇಟರ್) ಸೋರ್ತಿದೆ.

ಕಣ್ಣಿಗೆ ಕಾಣದಿದ್ರೆ ಪ್ರೆಷರ್ ಟೆಸ್ಟರ್ ಬಾಡಿಗೆಗೋ ಸಾಲಕ್ಕೋ ತಂದು, ತಣ್ಣನೆ ಎಂಜಿನ್ನಿಗೆ ಹಾಕಿ, ಮುಚ್ಚಳದ ಮೇಲೆ ಬರೆದಿರೋಷ್ಟೇ ಪ್ರೆಷರ್ ಕೊಡಿ, ಸಾಮಾನ್ಯವಾಗಿ 0.9ರಿಂದ 1.1 ಬಾರ್ ಇರುತ್ತೆ. ಹದಿನೈದು ನಿಮಿಷ ಮುಳ್ಳು ಇಳೀದೆ ನಿಂತ್ರೆ ವ್ಯವಸ್ಥೆ ಗಟ್ಟಿ, ಆಮೇಲೆ ಮುಚ್ಚಳವನ್ನೇ ಅನುಮಾನಿಸಿ. ಇಳೀತಿದೆ ಆದ್ರೆ ಹೊರಗೆ ಎಲ್ಲೂ ಹನಿ ಇಲ್ಲ, ಸೈಲೆನ್ಸರಿಂದ ಬಿಳಿ ಹೊಗೆ, ಆಯಿಲ್ ಹಾಲು ಬೆರೆಸಿದಂಗೆ ಮಾಸಲು ಬಣ್ಣ ಆಗಿದ್ರೆ ಹೆಡ್ ಗ್ಯಾಸ್ಕೆಟ್, ಗಾಡಿ ಓಡಿಸೋದು ಅಲ್ಲಿಗೆ ನಿಲ್ಸಿ.

ಹಳೇ ಹೋಸ್ ಉಬ್ಬಿ ಮೆತ್ತಗಾಗಿದ್ರೆ ಕ್ಲಿಪ್ ಬಿಗಿದು ಪ್ರಯೋಜನ ಇಲ್ಲ, ಹೋಸೇ ಬದಲಾಯಿಸಿ. ಕೂಲೆಂಟ್ ತುಂಬೋವಾಗ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ, ಏರ್ ಪೂರ್ತಿ ತೆಗೀರಿ. ಹೊರಗೆ ತೆಗೆದ ಹಳೇದನ್ನ ಬಕೆಟ್‌ನಲ್ಲಿ ತೆರೆದಿಡಬೇಡಿ, ಸಿಹಿ ಅಂತ ನಾಯಿ ಬೆಕ್ಕು ಕುಡಿದು ಸಾಯ್ತವೆ.

ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್

ಇಲ್ಲೂ ಮೊದ್ಲು ಬ್ರೀದರ್! ಹಿಂದಿನ ಆಕ್ಸಲ್ ಹೌಸಿಂಗ್ ಮೇಲೆ ಸಣ್ಣ ಟೋಪಿ ತರದ್ದು ಇರುತ್ತೆ, ಪಿಕಪ್ ಕೆಸರಲ್ಲಿ ಓಡಾಡಿ ಅದು ಮುಚ್ಚಿಹೋಗಿರುತ್ತೆ, ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಗೇರ್‌ಬಾಕ್ಸಿಂದ ಬರೋ ಶಾಫ್ಟ್ ಕೂಡೋ ಕಡೆಯ ಪಿನಿಯನ್ ಸೀಲಿಂದಲೋ ಚಕ್ರದ ಕಡೆಯ ಆಕ್ಸಲ್ ಸೀಲಿಂದಲೋ ಆಯಿಲ್ ಹೊರಗೆ ನೂಕುತ್ತೆ. ಟೋಪಿ ತಿರುಗಿಸಿ ಬಿಡಿಸಿ, ತೊಳೆದು, ಒಂದು ವಾರ ಓಡ್ಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತೆ.

ಆಯಿಲ್ ಬದಲಾಯಿಸೋದಾದ್ರೆ ಕೆಳಗಿನ ಡ್ರೇನ್ ನಟ್ ಮುಟ್ಟೋ ಮುಂಚೆ ಮೇಲಿನ ತುಂಬೋ ನಟ್ ಬಿಚ್ಚಕ್ಕೆ ಬರುತ್ತಾ ನೋಡಿ. ತುಕ್ಕು ಹಿಡಿದು ಅದು ಬಿಚ್ಚದೇ ಇದ್ರೆ ಖಾಲಿ ಗೇರ್‌ಬಾಕ್ಸ್ ಇಟ್ಕೊಂಡು ಏನು ಮಾಡ್ತೀರ? ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಕಂಪನಿ ಜಿಎಲ್-4 ದರ್ಜೆ ಆಯಿಲ್ ಹೇಳಿದ್ರೆ ಜಿಎಲ್-5 ಸುರೀಬೇಡಿ, ಗೇರ್ ಸಲೀಸಾಗಿ ಬೀಳಿಸೋ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಒಳ್ಳೇದಲ್ಲ. ಗೇರ್‌ಬಾಕ್ಸ್ ಬಾಲದ ಸೀಲ್ ಹಾಕೋವಾಗ ಪ್ರೊಪೆಲ್ಲರ್ ಶಾಫ್ಟ್ ಜೋಡಣೆಗೆ ಪೇಂಟಲ್ಲಿ ಗುರುತು ಹಾಕಿ ಬಿಚ್ಚಿ, ಬುಷ್ ಅಲ್ಲಾಡ್ತಿದ್ರೆ ಸೀಲ್ ಜೊತೆ ಅದನ್ನೂ ಹಾಕಿ, ಇಲ್ಲಾಂದ್ರೆ ಹೊಸ ಸೀಲೂ ಬೇಗ ಸವೆದುಹೋಗುತ್ತೆ. ಪಿನಿಯನ್ ಸೀಲ್ ಕೆಲಸ ಮಾತ್ರ ಸಲೀಸಾಗಿ ತಗೋಬೇಡಿ, ಆ ನಟ್ಟಿನ ಬಿಗಿ ಮೇಲೆ ಬೇರಿಂಗ್ ಪ್ರೀಲೋಡ್ (ಬೇರಿಂಗಿಗೆ ಕೊಟ್ಟಿರೋ ಅಳತೆಯ ಒತ್ತಡ) ನಿಂತಿರುತ್ತೆ, ಅಭ್ಯಾಸ ಇಲ್ಲದಿದ್ರೆ ತಿಳಿದೋರ ಕೈಗೆ ಕೊಡಿ.

ಹಿಂದಿನ ಚಕ್ರದ ಒಳಬದಿ ಒದ್ದೆ ಇದ್ರೆ ಡ್ರಮ್ ತೆಗೆದು ನೋಡಲೇಬೇಕು. ಗಂಧಕದ ಘಾಟು ಬಂದ್ರೆ ಆಕ್ಸಲ್ ಸೀಲ್, ತೆಳ್ಳಗೆ ತಿಳಿಯಾಗಿದ್ರೆ ಬ್ರೇಕ್ ಲೈನರ್ ತಳ್ಳೋ ವೀಲ್ ಸಿಲಿಂಡರ್. ಯಾವುದೇ ಆಗ್ಲಿ, ನೆನೆದ ಬ್ರೇಕ್ ಲೈನರ್ ತೊಳೆದು ಮತ್ತೆ ಹಾಕೋ ಉಳಿತಾಯ ಬೇಡ, ಎರಡೂ ಕಡೆ ಹೊಸದು ಹಾಕಿ.

ಬ್ರೇಕ್ ಆಯಿಲ್, ಇದರಲ್ಲಿ ಚೌಕಾಸಿ ಇಲ್ಲ

ಪ್ಯಾಡ್ ಸವೆದಂಗೆ ಡಬ್ಬೀಲಿ ಲೆವೆಲ್ ನಿಧಾನಕ್ಕೆ ಇಳಿಯೋದು ಸಹಜ. ಆದ್ರೆ ವಾರದಲ್ಲಿ ಇಳಿದ್ರೆ, ಪೆಡಲ್ ಮೆತ್ತಗಾದ್ರೆ, ಕಾಲಿಟ್ಟು ಹಿಡಿದಾಗ ನಿಧಾನಕ್ಕೆ ಕೆಳಗೆ ಮುಳುಗಿದ್ರೆ ಗಾಡಿ ಅಲ್ಲೇ ನಿಲ್ಲಲಿ. ಎಲ್ಲೂ ಹನಿ ಕಾಣ್ತಿಲ್ಲ ಆದ್ರೂ ಲೆವೆಲ್ ಇಳೀತಿದೆ ಅಂದ್ರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ ಸ್ವಲ್ಪ ಮುಂದಕ್ಕೆ ಎಳೆದು ಹಿಂದೆ ಬೆರಳಾಡಿಸಿ, ಆಯಿಲ್ ಅದರ ಹಿಂದಿರೋ ಬ್ರೇಕ್ ಬೂಸ್ಟರ್ ಒಳಗೆ ಹೋಗಿ ಕೂತಿರಬಹುದು. ಪಿಕಪ್‌ಗಳಲ್ಲಿ ಇನ್ನೊಂದು ಮರೆತುಹೋಗೋ ಜಾಗ, ಲೋಡಿಗೆ ತಕ್ಕಂಗೆ ಹಿಂದಿನ ಬ್ರೇಕ್ ಹೆಚ್ಚು ಕಮ್ಮಿ ಮಾಡೋ ವಾಲ್ವ್, ಚಾಸಿಯಿಂದ ಹಿಂದಿನ ಆಕ್ಸಲ್ಲಿಗೆ ಒಂದು ಕಡ್ಡಿ ಕೊಟ್ಟಿರ್ತಾರೆ, ಅದರ ರಬ್ಬರ್ ಬೂಟಿಂದ ಒಸರುತ್ತೆ. ಕೇಬಲ್ ಅಲ್ಲದೆ ಹೈಡ್ರಾಲಿಕ್ ಕ್ಲಚ್ ಇದ್ರೆ ಅದಕ್ಕೂ ಇದೇ ಆಯಿಲ್, ಕ್ಲಚ್ ಪೆಡಲ್ ಮೇಲಿನ ಕಡ್ಡಿ ಒದ್ದೆ ಇದ್ಯಾ ನೋಡಿ.

ತುಕ್ಕು ಹಿಡಿದ ಸ್ಟೀಲ್ ಪೈಪ್‌ಗೆ ಮಧ್ಯ ಕತ್ತರಿಸಿ ಕಂಪ್ರೆಷನ್ ಫಿಟ್ಟಿಂಗ್ ಹಾಕೋದು, ರಬ್ಬರ್ ಟ್ಯೂಬ್ ಕ್ಲಿಪ್ ಹಾಕೋದು ಆತ್ಮಹತ್ಯೆ, ಪೂರ್ತಿ ಪೈಪ್ ಹೊಸದು, ತುದಿ ಡಬಲ್ ಫ್ಲೇರ್ (ಎರಡು ಮಡಿಕೆಯಾಗಿ ಅಗಲ ಮಾಡಿದ್ದು). ಡಾಟ್ 3, ಡಾಟ್ 4 ದರ್ಜೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ, ತೆರೆದಿಟ್ಟ ಹಳೇ ಡಬ್ಬಿ ಬಳಸ್ಬೇಡಿ, ಸಿಲಿಕಾನ್ ಇರೋ ಡಾಟ್ 5 ಇವಕ್ಕೆ ಬೆರೆಸಲೇಬೇಡಿ. ಏರ್ ತೆಗೆಯೋದು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಂದ ದೂರದ ಚಕ್ರದಿಂದ ಶುರು.

ಸ್ಟೀರಿಂಗ್‌ದು ಹೆಚ್ಚಿನಂಶ ಪ್ರೆಷರ್ ಹೋಸಿನ ಕಬ್ಬಿಣ ಒತ್ತಿರೋ ತುದಿ, ಇಲ್ಲಾ ಸ್ಟೀರಿಂಗ್ ಬಾಕ್ಸ್ ಕೆಳಗಿನ ಶಾಫ್ಟ್ ಸೀಲು. ಡೀಸೆಲ್ ವಾಸನೆ ಬರ್ತಿದ್ರೆ ಇಂಜೆಕ್ಟರ್ ರಿಟರ್ನ್ ಪೈಪುಗಳು ಮತ್ತೆ ಫಿಲ್ಟರ್ ಮೇಲಿನ ಕೈಪಂಪ್ ನೋಡಿ. ಕಾಮನ್ ರೈಲ್ (ಹೈ ಪ್ರೆಷರ್‌ನಲ್ಲಿ ಡೀಸೆಲ್ ಸಿಂಪಡಿಸೋ) ಎಂಜಿನ್ ಓಡ್ತಿರೋವಾಗ ಪೈಪ್ ಮೇಲೆ ಕೈ ಆಡಿಸಿ ಲೀಕ್ ಹುಡುಕಬೇಡಿ, ಒಳಗೆ ಸಾವಿರ ಬಾರ್ ಮೀರಬಹುದಾದ ಪ್ರೆಷರ್ ಇರುತ್ತೆ, ಕೂದಲಿನಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ, ಹಂಗಾದ್ರೆ ನೋವಿಲ್ಲದಿದ್ರೂ ತಕ್ಷಣ ಆಸ್ಪತ್ರೆ. ಪೆಟ್ರೋಲ್ ಹನಿ ಕಂಡ್ರೆ ಗಾಡಿ ಸ್ಟಾರ್ಟೇ ಮಾಡ್ಬೇಡಿ.

ಯಾವುದನ್ನ ಬಿಟ್ಟು ಬಿಡಬಹುದು

ಎಲ್ಲಾ ಒಸರನ್ನೂ ನಿಲ್ಲಿಸ್ತೀನಿ ಅಂತ ಹೊರಟ್ರೆ ಹಳೇ ಗಾಡೀಲಿ ಮುಗಿಯೋ ಮಾತಲ್ಲ. ಒಂದು ಅಂದಾಜು ಲೆಕ್ಕ, 20 ಹನಿಗೆ 1 ಎಂಎಲ್, ಎಣ್ಣೆ ಹನಿ ಇನ್ನೂ ಸ್ವಲ್ಪ ಚಿಕ್ಕದೇ. ನಿಮಿಷಕ್ಕೊಂದು ಹನಿ ಸತತವಾಗಿ ಬಿದ್ರೆ ದಿನಕ್ಕೆ 1440 ಹನಿ, ಅಂದ್ರೆ 72 ಎಂಎಲ್, ಎರಡು ವಾರಕ್ಕೆ ಒಂದು ಲೀಟರ್. ಅದು ರಿಪೇರಿ ಮಾಡಲೇಬೇಕಾದ ಲೀಕು. ರಾತ್ರಿಯಿಡೀ ನಿಂತ್ರೆ ರಟ್ಟಿನ ಮೇಲೆ ಎರಡು ಹನಿ ಅಂದ್ರೆ ಡಿಪ್‌ಸ್ಟಿಕ್ ನೋಡ್ತಾ ಆರಾಮಾಗಿ ಓಡ್ಸಬಹುದು, ಆ ಆಯಿಲ್ ಬಿಸಿ ಸೈಲೆನ್ಸರ್ ಮೇಲೆ, ಬೆಲ್ಟ್ ಮೇಲೆ, ಕ್ಲಚ್ ಮೇಲೆ, ಬ್ರೇಕ್ ಮೇಲೆ ಬೀಳ್ತಿಲ್ಲ ಅಂದ್ರೆ ಮಾತ್ರ. ಬ್ರೇಕ್ ಮತ್ತೆ ಪೆಟ್ರೋಲ್ ಡೀಸೆಲ್‌ಗೆ ಈ ರಿಯಾಯಿತಿ ಇಲ್ಲ, ಒಂದು ಹನಿಯೂ ಹೆಚ್ಚೇ.

ಲೀಕ್ ನಿಲ್ಲಿಸೋ ಬಾಟಲಿಗಳ ಬಗ್ಗೆ ಕೇಳ್ತೀರ ಅಂತ ಗೊತ್ತು. ಗಟ್ಟಿಯಾದ ರಬ್ಬರನ್ನ ಸ್ವಲ್ಪ ಮೆತ್ತಗೆ ಮಾಡೋ ಹೈ ಮೈಲೇಜ್ ಆಯಿಲ್ ಸಣ್ಣ ಒಸರಿಗೆ ಕೆಲವು ಸಲ ಕೆಲಸ ಮಾಡುತ್ತೆ, ಹರಿದ ಪ್ಯಾಕಿಂಗಿಗೆ ಮಾಡಲ್ಲ. ರೇಡಿಯೇಟರಿಗೆ ಹಾಕೋ ಪುಡಿ ಮಾತ್ರ ನಾನು ಮುಟ್ಟಲ್ಲ, ತೂತು ಮುಚ್ಚೋ ಪುಡಿಗೆ ಹೀಟರ್ ಕೋರಿನ ಸಣ್ಣ ಕೊಳವೆ ಯಾವುದು, ಲೀಕಿನ ತೂತು ಯಾವುದು ಅಂತ ಗೊತ್ತಾಗಲ್ಲ. ದಾರಿ ಮಧ್ಯ ಸಿಕ್ಕಿಹಾಕ್ಕೊಂಡು ಬೇರೆ ಗತಿ ಇಲ್ಲ ಅಂದಾಗ ಸರಿ.

ರಿಪೇರಿ ಆದ ಮೇಲೆ ಆ ಜಾಗ ಮತ್ತೆ ತೊಳೆದು ಒರೆಸಿ, ಸಿಲಿಕಾನ್ ಹಾಕಿದ್ರೆ ಟ್ಯೂಬ್ ಮೇಲೆ ಬರೆದಿರೋಷ್ಟು ಹೊತ್ತು, ಸಾಮಾನ್ಯವಾಗಿ 24 ಗಂಟೆ, ಒಣಗೋಕೆ ಬಿಡಿ. ಹಳೇ ಆಯಿಲ್ ಬೆಲ್ ಹೌಸಿಂಗ್ ಒಳಗೆ, ಚಾಸಿ ಸಂದೀಲಿ ನಿಂತಿರುತ್ತೆ, ಅದು ಇನ್ನೂ ಮೂರ್ನಾಲ್ಕು ದಿನ ತೊಟ್ಟಿಕ್ಕುತ್ತೆ, ಅದನ್ನ ನೋಡಿ ಹೊಸ ಪ್ಯಾಕಿಂಗ್ ಕೆಲಸ ಮಾಡ್ಲಿಲ್ಲ ಅಂತ ಗಾಬರಿ ಬಿದ್ದು ಮತ್ತೆ ಬಿಚ್ಚಬೇಡಿ. ವಾರ ಕಳೆದ ಮೇಲೆ ಹೊಸ ರಟ್ಟು ಹಾಸಿ, ತಾರೀಖು ಬರೆದು, ಬೆಳಿಗ್ಗೆ ನೋಡಿ.